ಸೋಪಿನ ಅಮ್ಮಂದಿರು

ಜೈಲಿನಲ್ಲಿ ತಿಂಗಳಿಗೊಂದು ಸೋಪು ಕೊಡುತ್ತಾರೆ. ಸ್ನಾನಕ್ಕೂ ಅದೇ, ಬಟ್ಟೆಗೂ ಅದೇ, ಗಡ್ಡಕ್ಕೂ ಅದೇ. ಹೊರಗಿರುವ ನಾವು ಬಚ್ಚಲಲ್ಲಿ ನೀರಿಗೆ ಬಿಟ್ಟು ಮರೆತು ಬರುವ ವಸ್ತು ಒಳಗಿನವರಿಗೆ ಆಸ್ತಿ. ಆದರೂ ಅಕ್ಕನ ತಮ್ಮನಿದ್ದ ವಾರ್ಡಿನಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಯಾರಿಗಾದರೂ ಅಮ್ಮ ತೀರಿಕೊಂಡ ಸುದ್ದಿ ಬಂದು, ಮಣ್ಣಿಗೆ ಹೋಗಲು ಅನುಮತಿ ಸಿಗದೆ ಹೋದರೆ, ಉಳಿದವರಲ್ಲಿ ಒಬ್ಬ ತನ್ನ ಹೊಸ ಸೋಪನ್ನು ತಂದು ಈ ತಮ್ಮನ ಮುಂದೆ ಇಡುತ್ತಿದ್ದ. ಆ ತಿಂಗಳು ಅವನಿಗೆ ಬರೀ ನೀರಿನ ಸ್ನಾನ. ತಮ್ಮ ಆ ಸೋಪಿನಲ್ಲಿ ಸತ್ತ ಅಮ್ಮನ ಮುಖ ಕೆತ್ತಿಕೊಡುತ್ತಿದ್ದ. ವಾರ್ಡಿನಲ್ಲಿ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿ ಸೋಪಣ್ಣ ಎಂಬುದೇ ಉಳಿದಿತ್ತು.

ಅಕ್ಕ ಅಂದರೆ ಯಾರ ಅಕ್ಕ ಎಂದು ಕೇಳಬೇಡಿ. ತಮ್ಮನಿಗೆ ಅಕ್ಕ, ಬೀದಿಗೆಲ್ಲ ಅಕ್ಕ, ಸ್ಕೂಲ್ ಯೂನಿಫಾರ್ಮ್ ಹೊಲಿಸಲು ಬರುವ ಮಕ್ಕಳಿಗೂ ಅವರ ಅಜ್ಜಂದಿರಿಗೂ ಅಕ್ಕ. ಗಂಡ ಕೂಡ ಒಂದೆರಡು ಸಲ ಮೈಮರೆತು ಹಾಗೇ ಕರೆದು ಚೆನ್ನಾಗಿ ಬೈಸಿಕೊಂಡಿದ್ದಾನೆ. ಹೊಲಿಗೆ ಯಂತ್ರದ ಮುಂದೆ ಕೂತಷ್ಟೇ ಗಟ್ಟಿಯಾಗಿ ಮಾತಿನ ಮುಂದೆಯೂ ಕೂರುವ ಹೆಂಗಸು. ಒಮ್ಮೆ ಹಿಡಿದಳೆಂದರೆ ಬಿಡುವ ಪೈಕಿ ಅಲ್ಲ.

ತಮ್ಮ ಬೇಕರಿಯಲ್ಲಿದ್ದವನು, ಕೇಕಿನ ಮೇಲೆ ಹೂ ಬಿಡಿಸುವ ಕೈ. ಒಂದು ಮಧ್ಯಾಹ್ನ ಮೈದಾ ಮೂಟೆ ಇಳಿಸಲು ಬಂದವನ ಜೊತೆ ಮಾತಿಗೆ ಮಾತು ಬೆಳೆದು ಇವನು ತಳ್ಳಿದ. ಆ ಮನುಷ್ಯನ ತಲೆ ಮೆಟ್ಟಿಲಿನ ಅಂಚಿಗೆ ಬಡಿಯಿತು. ಬಿದ್ದವನು ಏಳಲಿಲ್ಲ. "ತಳ್ಳಿದ್ದು ನಾನೇ" ಎಂದು ಇವನು ಕೋರ್ಟಿನಲ್ಲಿ ಹೇಳಿದ, ಇವತ್ತಿಗೂ ಹಾಗೇ ಹೇಳುತ್ತಾನೆ. ಅದಕ್ಕೆ ಬಣ್ಣ ಹಚ್ಚಿ ಮಾತಾಡಲು ಅಕ್ಕನಿಗೂ ಬಿಡುವುದಿಲ್ಲ.

ಅವನು ಒಳಗೆ ಹೋದ ಮೇಲೆ ಅಮ್ಮ ಹಾಸಿಗೆ ಹಿಡಿದಳು. ಅಕ್ಕನೇ ಉಣ್ಣಿಸಿದಳು, ಅಕ್ಕನೇ ಮೈ ಒರೆಸಿದಳು, ಕೊನೆಯ ಸ್ನಾನವನ್ನೂ ಅಕ್ಕನೇ ಮಾಡಿಸಿದಳು. ತಮ್ಮನಿಗೆ ಅನುಮತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಅವನು ಮೊದಲ ಸಲ ಸೋಪು ಕೈಗೆತ್ತಿಕೊಂಡ. ಚಮಚದ ಮೊಂಡು ಹಿಡಿ, ಹೊದಿಕೆಯಿಂದ ಎಳೆದ ಒಂದು ದಾರ, ಒದ್ದೆ ಬೆರಳು, ಇಷ್ಟೇ ಅವನ ಸಾಮಾನು. ಅಮ್ಮ ಬಂದಳು. ಅದನ್ನು ನೋಡಿ ಪಕ್ಕದ ಹಾಸಿಗೆಯವನು ತನ್ನ ಅಮ್ಮನನ್ನೂ ಕೆತ್ತಿಕೊಡು ಎಂದು ಕೇಳಿದ. ಹಾಗೆ ಶುರುವಾಯಿತು.

ಕೆತ್ತುವಾಗ ಮಗ ಎದುರಿಗೆ ಕೂತು ಮುಖ ವರ್ಣಿಸಬೇಕು. ಮೂಗು ಇನ್ನೂ ಸ್ವಲ್ಪ ದಪ್ಪ, ಗಲ್ಲ ಹಾಗಲ್ಲ ಹೀಗೆ. ಒಬ್ಬ ಮೇಷ್ಟ್ರು "ನಮ್ಮಮ್ಮ ನಗ್ತಾನೇ ಇರ್ಲಿಲ್ಲ" ಎಂದು ಗಂಟುಮುಖ ಕೆತ್ತಿಸಿಕೊಂಡು, ಮಾರನೆಯ ದಿನ ಬಂದು ಸ್ವಲ್ಪ ನಗಿಸಿಕೊಡು ಎಂದು ಜೀವ ತಿಂದರಂತೆ. ಆದರೆ ಕಿವಿ ಹೇಗಿತ್ತು ಎಂದು ಕೇಳಿದರೆ ಎಲ್ಲರೂ ತಬ್ಬಿಬ್ಬು. ಅಮ್ಮನ ಕಿವಿಯನ್ನು ಯಾವ ಮಗ ನೋಡಿಟ್ಟುಕೊಂಡಿರುತ್ತಾನೆ? ತಮ್ಮ ಮಾತ್ರ ಚಿಕ್ಕಂದಿನಲ್ಲಿ ಅಮ್ಮನ ಕಿವಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದವನು. ಹಾಗಾಗಿ ಆ ವಾರ್ಡಿನ ಅಮ್ಮಂದಿರಿಗೆಲ್ಲ ಇವರಮ್ಮನ ಕಿವಿ ಬಂತು.

ವಾರ್ಡಿನ ತಪಾಸಣೆಯಲ್ಲಿ ಮುರಿದುಹೋಗದಿರಲೆಂದು ಆ ಮುಖಗಳನ್ನು ಭೇಟಿಯ ದಿನ ಅಕ್ಕನ ಕೈಗೆ ಕೊಟ್ಟು ಕಳಿಸುತ್ತಿದ್ದರು. ಹೊರಗೆ ಹೋಗುವ ಸೋಪಿಗೆ ಸೂಜಿ ಚುಚ್ಚಿ, ಒಳಗೆ ಏನಾದರೂ ಅಡಗಿಸಿದ್ದಾರೋ ಎಂದು ನೋಡುವುದು ನಿಯಮ. ಮೊಟ್ಟಮೊದಲನೆಯದೊಂದನ್ನು ಬಿಟ್ಟರೆ ಅಲ್ಲಿನ ವಾರ್ಡರ್ ನಿಯಮ ಬಿಡಲಿಲ್ಲ. ಆದರೆ ಚುಚ್ಚುವಾಗ ಬೈತಲೆಯ ಗೆರೆ ಹುಡುಕಿ ಅಲ್ಲೇ ಚುಚ್ಚುತ್ತಿದ್ದರು, ಮುಖಕ್ಕೆ ಒಂದು ದಿನವೂ ಸೂಜಿ ತಾಗಿಸಲಿಲ್ಲ. ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ ಎಂದು ಅಕ್ಕ ಪ್ರತಿ ಸಲ ಬಸ್ಸಿನಲ್ಲಿ ಕೂತು ಹರಸುತ್ತಿದ್ದಳು. ಮನೆಯ ಬೀರು ತುಂಬ ಅಮ್ಮಂದಿರು ಸೇರಿಕೊಂಡರು. "ನನ್ನ ಬನೀನಿಗೂ ಜೈಲಿನ ವಾಸನೆ ಬಂತಲ್ಲೇ" ಎಂದು ಗಂಡ ಗೊಣಗಿದ. ಗೊಣಗುತ್ತಲೇ ತನ್ನ ಅಂಗಿಗಳನ್ನು ಎತ್ತಿ ಗೋಡೆಯ ಮೊಳೆಗೆ ನೇತುಹಾಕಿಕೊಂಡು ಜಾಗ ಮಾಡಿಕೊಟ್ಟ.

ಇವರನ್ನೆಲ್ಲ ಒಂದು ಕಡೆ ಕೂರಿಸಿ ಜನರಿಗೆ ತೋರಿಸಬೇಕು ಎಂಬುದು ಅಕ್ಕನ ತಲೆಗೆ ಹೊಕ್ಕ ಹುಳ. ಮಣ್ಣಿಗೆ ಮಗ ಬರಲಿಲ್ಲ, ನಾಲ್ಕು ಜನ ನೋಡಿದರೂ ಆ ಹೆಂಗಸರಿಗೊಂದು ಮರ್ಯಾದೆ ಸಂದಂತೆ ಎಂಬುದು ಅವಳ ವಾದ. ಶಾಲೆಯ ಸಭಾಂಗಣ ಕೇಳಿದಳು. ಪೋಷಕರು ಏನನ್ನುತ್ತಾರೋ ಎಂದರು. ಚಿತ್ರಶಾಲೆಯವನು ಒಂದು ಮುಖವನ್ನು ತಿರುಗಿಸಿ ಮುರುಗಿಸಿ ನೋಡಿ, "ಸೋಪು ಎಷ್ಟು ದಿನ ಬಾಳುತ್ತೆ ಮೇಡಂ?" ಎಂದ. "ನೀವೆಷ್ಟು ದಿನ ಬಾಳ್ತೀರಿ ಹೇಳಿ, ಇದನ್ನೂ ಹೇಳ್ತೀನಿ" ಎಂದು ಅಕ್ಕ ಎದ್ದು ಬಂದಳು.

ಕೊನೆಗೆ ಜಾಗ ಕೊಟ್ಟಿದ್ದು ಮಾರುಕಟ್ಟೆಯ ಹಿಂದಿನ ಪ್ರಾರ್ಥನಾ ಮಂದಿರದ ಹಿರಿಯರು. ಹೊಲಿಗೆಗೆ ಕೊಟ್ಟಿದ್ದ ನಿಲುವಂಗಿ ತೆಗೆದುಕೊಂಡು ಹೋಗಲು ಬಂದವರ ಮುಂದೆ ಅಕ್ಕ ಅರ್ಧ ಗಂಟೆ ವಾದ ಮಂಡಿಸಿದಳು. ಅವರು ಪೂರ್ತಿ ಕೇಳಿ, "ಇಷ್ಟೆಲ್ಲ ಯಾಕಮ್ಮ ಹೇಳ್ತೀಯ? ಅಲ್ಲಿಗೆ ಬರೋರೆಲ್ಲ ಒಂದಲ್ಲ ಒಂದು ತಪ್ಪು ಹೊತ್ಕೊಂಡೇ ಬರೋದು. ಬೆಂಚು ಖಾಲಿ ಇವೆ, ತಂದು ಇಡು" ಎಂದರು. ವಾದ ಮಾಡಲು ಇನ್ನೂ ಅರ್ಧ ಗಂಟೆಯ ಸರಕು ಇಟ್ಟುಕೊಂಡಿದ್ದ ಅಕ್ಕ ಹೊಲಿಗೆಯ ದುಡ್ಡು ಇಸಿದುಕೊಳ್ಳುವುದನ್ನೇ ಮರೆತಳು.

ಅದಕ್ಕಿಂತ ದೊಡ್ಡ ಭಾಗ್ಯ ಇನ್ನೊಂದು. ವಾರ್ಡರ್ ಮೇಲಿನವರ ಹತ್ತಿರ ಓಡಾಡಿ, ಪ್ರದರ್ಶನ ನೋಡಿ ಬರಲು ತಮ್ಮನಿಗೆ ಒಂದು ಬೆಳಗಿನ ಅನುಮತಿ ಕೊಡಿಸಿದರು. ಅವನು ನೋಡುವುದು ತನಗಾಗಿ ಮಾತ್ರ ಅಲ್ಲ. ವಾರ್ಡಿನವರೆಲ್ಲ ಅವನಿಗೆ ಒಪ್ಪಿಸಿದ್ದರು: ನಮ್ಮಮ್ಮ ಎಲ್ಲಿ ಕೂತಿದ್ದಳು, ಬೆಳಕು ಬೀಳುತ್ತಿತ್ತಾ, ಯಾರು ನೋಡಿದರು, ಏನಂದರು, ಎಲ್ಲವನ್ನೂ ಬಂದು ಹೇಳಬೇಕು. ತಂತಮ್ಮ ತಾಯಿಯ ವಿಷಯದಲ್ಲಿ ಅವರಿಗೆ ಸಿಗಲಿದ್ದ ಕೊನೆಯ ಸಮಾಚಾರ ಅದು.

ಆ ಮಂದಿರದಲ್ಲಿ ಕೈ ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಬಾಗಿಲ ಪಕ್ಕದಲ್ಲಿ ಉದ್ದಕ್ಕೆ ಕಲ್ಲಿನ ತೊಟ್ಟಿ, ಮೇಲೆ ಸಾಲಾಗಿ ನಲ್ಲಿ. ಅದನ್ನು ನೋಡಿಕೊಳ್ಳುವವಳು ನೀರಜ್ಜಿ. ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ನೆರಳಷ್ಟೇ ತಿಳಿಯುತ್ತಿತ್ತು, ಆದರೆ ಕೆಮ್ಮಿದರೆ ಸಾಕು, ಬಂದವರು ಯಾರೆಂದು ಹೇಳುತ್ತಿದ್ದಳು. ಕೋರಿಕೆ ಈಡೇರಿದವರು ಅಲ್ಲಿ ಸೋಪು ತಂದಿಡುವುದು ವಾಡಿಕೆ. ಯಾರು ಇಟ್ಟರೆಂದು ಯಾರೂ ಕೇಳುವುದಿಲ್ಲ. ನೀರಜ್ಜಿ ಅದನ್ನೆತ್ತಿ ನಲ್ಲಿಗಳ ಹತ್ತಿರ ಇಡುತ್ತಾಳೆ, ಬಂದವರು ಕೈ ತೊಳೆಯುತ್ತಾರೆ.

ಇಂಥ ಜಾಗಕ್ಕೆ ಅಕ್ಕ ಹಿಂದಿನ ಸಂಜೆ ಅಮ್ಮಂದಿರನ್ನು ತಂದಿದ್ದು ಯಾತರಲ್ಲಿ ಗೊತ್ತೇ? ಕಿರಾಣಿ ಅಂಗಡಿಯಿಂದ ಕೇಳಿ ತಂದ ಎರಡು ಸೋಪಿನ ರಟ್ಟಿನ ಪೆಟ್ಟಿಗೆಗಳಲ್ಲಿ. ಬುದ್ಧಿವಂತೆಯೇ ಸರಿ. ಮೊದಲ ಪೆಟ್ಟಿಗೆಯವರನ್ನು ಒಳಗೆ ಬೆಂಚುಗಳ ಮೇಲೆ ನೀಲಿ ಯೂನಿಫಾರ್ಮ್ ಬಟ್ಟೆ ಹಾಸಿ ಕೂರಿಸಿದಳು. ಅಷ್ಟರಲ್ಲಿ ಸಂಜೆಯ ಪ್ರಾರ್ಥನೆಗೆ ಜನ ಬಂದರು. ಎರಡನೆಯದನ್ನು ಬೆಳಿಗ್ಗೆ ನೋಡಿಕೊಂಡರಾಯಿತೆಂದು ಬಾಗಿಲ ಪಕ್ಕ ಸರಿಸಿಟ್ಟಳು. ತನ್ನ ಅಮ್ಮನನ್ನು ಎಲ್ಲರಿಗಿಂತ ಕೊನೆಯಲ್ಲಿ, ನಡುಮಧ್ಯ ಕೂರಿಸಬೇಕೆಂದು ಆ ಪೆಟ್ಟಿಗೆಯಲ್ಲಿ ಮೇಲುಗಡೆಯೇ ಇಟ್ಟಿದ್ದಳು.

ಬೆಳಿಗ್ಗೆ ಬಂದಾಗ ಕರೆಂಟಿರಲಿಲ್ಲ, ಇನ್ನೂ ಮಬ್ಬು. ತೊಟ್ಟಿಯ ಮುಂದೆ ಪ್ರಾರ್ಥನೆಗೆ ಬಂದವರ ಸಾಲು. ಮೂಟೆ ಹೊರುವವನೊಬ್ಬ ಕೈ ಉಜ್ಜುತ್ತ, "ಏನಜ್ಜಿ, ಇವತ್ತು ಸೋಪಿಗೂ ಮೂಗು ಬಂದಿದೆ!" ಎಂದ. "ಈಗೆಲ್ಲ ಅಂಗಡೀಲಿ ಏನೇನೋ ಆಕಾರದಲ್ಲಿ ಸಿಗುತ್ತೆ ಬಿಡು" ಎಂದು ಹಿಂದಿನವಳು ನಕ್ಕಳು. ಅಕ್ಕ ತಿರುಗಿ ಬಾಗಿಲ ಪಕ್ಕ ನೋಡಿದಳು. ಪೆಟ್ಟಿಗೆಯ ಬಾಯಿ ತೆರೆದಿತ್ತು. ಒಂದೊಂದು ನಲ್ಲಿಯ ಹತ್ತಿರ ಒಬ್ಬೊಬ್ಬ ಅಮ್ಮ, ಮೈತುಂಬ ನೊರೆ.

"ಬಿಡ್ರೀ! ಮುಟ್ಟಬೇಡ್ರೀ! ಅವು ಅಮ್ಮಂದಿರು ಕಣ್ರೀ!" ಅವಳ ಕೂಗಿಗೆ ಜನ ನೊರೆಗೈಯಲ್ಲೇ ಹಿಂದೆ ಸರಿದು ನಿಂತರು. ಅಕ್ಕ ಒಂದೊಂದನ್ನೇ ಕಿತ್ತುಕೊಂಡು ಎದೆಗವಚಿಕೊಂಡಳು. ಮೊದಲ ನಲ್ಲಿಯದು ನುಣ್ಣಗಾಗಿತ್ತು. ಬೆರಳಾಡಿಸಿ ನೋಡಿದರೆ ಒಂದೇ ಒಂದು ಕಿವಿ ಉಳಿದಿತ್ತು. ಆ ಕಿವಿ ಅಲ್ಲಿದ್ದ ಎಲ್ಲರದೂ ಆಗಬಹುದಿತ್ತು, ಆದರೆ ಬೈತಲೆಯಲ್ಲಿ ಸೂಜಿಯ ತೂತಿಲ್ಲದ ಸೋಪು ಅದೊಂದೇ. ಅವಳ ಅಮ್ಮನದು ಮೊಟ್ಟಮೊದಲನೆಯದೆಂದು ವಾರ್ಡರ್ ಅದನ್ನು ಚುಚ್ಚದೆ ಬಿಟ್ಟಿದ್ದರು.

"ಅಜ್ಜೀ, ನಿನ್ನ ಕೈ..." ಎಂದವಳು ಮುಂದಿನದನ್ನು ನುಂಗಿದಳು.

ನೀರಜ್ಜಿ ನಲ್ಲಿ ನಿಲ್ಲಿಸಿದಳು. "ಯಾರೋ ಪುಣ್ಯಾತ್ಮರು ಪೆಟ್ಟಿಗೆ ತುಂಬ ಇಟ್ಟು ಹೋಗಿದಾರೆ ಅಂದ್ಕೊಂಡೆ ತಾಯಿ. ಮುಟ್ಟಿದಾಗ ಉಬ್ಬುತಗ್ಗು ಕೈಗೆ ಸಿಕ್ತು. ಸೋಪಿನ ಮೇಲೆ ಹೆಸರು ಇರುತ್ತಲ್ಲ, ಅದೇ ಅಂದ್ಕೊಂಡೆ. ಹೆತ್ತ ತಾಯಂದಿರನ್ನ ಉಜ್ಜಿಸಿಬಿಟ್ಟೆನಲ್ಲ!"

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಳು. ಹಿರಿಯರು ಬಂದು ಪಕ್ಕದಲ್ಲಿ ಕೂತರು. ಪ್ರದರ್ಶನ ಮುಂದಕ್ಕೆ ಹಾಕುವಂತಿರಲಿಲ್ಲ, ತಮ್ಮನಿಗೆ ಸಿಕ್ಕಿದ್ದು ಈ ಬೆಳಗು ಮಾತ್ರ. ಅವನು ಬಂದು ಇದನ್ನು ನೋಡಿ ಹೋಗಿ ಆ ಮಕ್ಕಳಿಗೆ ಏನು ಹೇಳಬೇಕು? ಅಮ್ಮನ ಮುಖ ಅಂತ ಇದ್ದದ್ದು ಅದೊಂದೇ, ಅದನ್ನೂ ತೊಳೆದುಬಿಟ್ಟೆವು ಎಂದು ಹೇಳಬೇಕೇ? ಅವಳು ಕಣ್ಣೊರೆಸಿಕೊಂಡು, ಸವೆದ ಸೋಪುಗಳನ್ನೆಲ್ಲ ಬಟ್ಟೆಚೂರಿನಲ್ಲಿ ಸುತ್ತಿ ಕೈಚೀಲದ ತಳಕ್ಕೆ ತುರುಕಿದಳು. ಜಾಗ ಸಾಲದೆ ಇವರನ್ನು ಮನೆಯಲ್ಲೇ ಬಿಟ್ಟು ಬಂದೆ ಎಂದರಾಯಿತು.

ಬಿಸಿಲೇರುವ ಹೊತ್ತಿಗೆ ಜೀಪು ಬಂತು. ವಾರ್ಡರ್ ಬಾಗಿಲ ಹೊರಗೇ ತಮ್ಮನ ಕೈಕೋಳ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ನಿಯಮ ಏನಾದ್ರೂ ಹೇಳ್ಕೊಳ್ಳಲಿ, ಇಲ್ಲಿ ಕೈ ತೊಳೀಬೇಕಲ್ವಾ" ಎಂದರು. ಅಕ್ಕ ಮಾತ್ರ ತಮ್ಮನನ್ನು ತೊಟ್ಟಿಯ ಹತ್ತಿರಕ್ಕೂ ಬಿಡದೆ, ತನ್ನ ಬಾಟಲಿಯಿಂದ ಎರಡು ಹನಿ ನೀರು ಚಿಮುಕಿಸಿ ಪಕ್ಕದ ಬಾಗಿಲಿನಿಂದ ಒಳಗೆ ಕರೆದೊಯ್ದಳು.

ಒಳಗೆ ಎತ್ತರದ ಕಿಟಕಿಗಳಿಂದ ಬಿಸಿಲು ಬಿದ್ದಿತ್ತು. ಅಷ್ಟು ದೊಡ್ಡ ಜಾಗದಲ್ಲಿ ನಿಂತು ಎಷ್ಟು ಕಾಲವಾಗಿತ್ತೋ, ತಮ್ಮ ಒಮ್ಮೆ ಮೇಲೆ ನೋಡಿ ಕಂಬ ಹಿಡಿದುಕೊಂಡ. ಆಮೇಲೆ ಬೆಂಚಿನ ಉದ್ದಕ್ಕೂ ನಿಧಾನವಾಗಿ ನಡೆದ. ತುಟಿ ಅಲುಗುತ್ತಿತ್ತು, ವಾರ್ಡಿನವರಿಗೆ ಹೇಳಲು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. "ಮೇಷ್ಟ್ರ ಅಮ್ಮ, ಕಿಟಕಿ ಪಕ್ಕ, ಕೆನ್ನೆ ಮೇಲೆ ಬಿಸಿಲು. ಪೇಂಟರ್ ಅಮ್ಮನ ಮುಂದೆ ಒಬ್ಬ ಮುದುಕಿ ನಿಂತಿದಾರೆ, ಕಣ್ಣು ಒರೆಸ್ಕೋತಿದಾರೆ..." ಕೊನೆಗೆ ಬಂದು ತಿರುಗಿದ.

"ಅಕ್ಕಾ, ಡ್ರೈವರ್ ಅಮ್ಮ ಎಲ್ಲಿ? ಉದ್ದಣ್ಣನ ಅಮ್ಮ? ನಮ್ಮಮ್ಮ?"

"ಜಾಗ ಸಾಲ್ಲಿಲ್ಲ ಕಣೋ. ಮನೇಲೇ..." ಎನ್ನುವಾಗ ಅವಳ ಕಣ್ಣೂ ಬೆಂಚಿನ ಮೇಲೆ ಬಿತ್ತು. ಅರ್ಧ ಬೆಂಚು ಖಾಲಿ ಬಿದ್ದಿತ್ತು. ಸುಳ್ಳಿಗೂ ಒಂದು ಲಕ್ಷಣ ಬೇಕು.

ಅಷ್ಟರಲ್ಲಿ ನೀರಜ್ಜಿ ಗೋಡೆ ಹಿಡಿದುಕೊಂಡು ಅಲ್ಲಿಗೆ ಬಂದೇಬಿಟ್ಟಳು. "ಅವಳನ್ನ ಬಿಡಪ್ಪ, ನನ್ನನ್ನ ಬೈಯಿ" ಎಂದು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಕೈಮುಗಿದು ನಿಂತಳು.

ತಮ್ಮ ಖಾಲಿ ಬೆಂಚಿನ ಮೇಲೆ ಕೂತು ಅಕ್ಕನ ಕೈಚೀಲ ತೆಗೆದುಕೊಂಡು ಬಟ್ಟೆಯ ಗಂಟು ಬಿಚ್ಚಿದ. ಒಂದೊಂದನ್ನೇ ಅಂಗೈಯಲ್ಲಿಟ್ಟುಕೊಂಡು ಬೆರಳಾಡಿಸಿದ. ಅಮ್ಮನ ಸೋಪು ಕೈಗೆ ಬಂದಾಗ ಆ ಒಂದು ಕಿವಿಯ ಮೇಲೆ ಅವನ ಹೆಬ್ಬೆರಳು ತುಂಬ ಹೊತ್ತು ನಿಂತಿತು.

"ಅಜ್ಜಿ, ಇದು ಯಾವ ನಲ್ಲಿ ಹತ್ರ ಇತ್ತು?"

"ಮೊದಲ್ನೇದು ಕಣಪ್ಪ."

"ಯಾರ‍್ಯಾರು ತೊಳ್ಕೊಂಡ್ರು?"

ನೀರಜ್ಜಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಮೊದಲು ಆಸ್ಪತ್ರೆ ನರ್ಸಮ್ಮ ಬಂದ್ಳು, ಡ್ಯೂಟಿ ಮುಗಿಸ್ಕೊಂಡು. ತುಂಬ ಹೊತ್ತು ತೊಳ್ಕೊಂಡ್ಳು ಪಾಪ. ಆಮೇಲೆ ಒಬ್ಬಳು ಮಗು ಎತ್ಕೊಂಡು ಬಂದಿದ್ಳು, ಮಗೂಗೆ ಕೈಯೆಲ್ಲ ಕೆಸರಂತೆ. ಆಮೇಲೆ ಚಪ್ಪಲಿ ಹೊಲಿಯೋವ್ನು."

"ಎರಡನೇ ನಲ್ಲೀಲಿ?"

"ಮೂಟೆ ಹೊರೋವ್ನು. ಮೂಗು ಬಂದಿದೆ ಅಂತ ನಕ್ಕನಲ್ಲ, ಅವನೇ."

"ಆ ಮೂಗು ಡ್ರೈವರ್ ಅಮ್ಮನದು" ಎಂದ ತಮ್ಮ. ಅವನ ತುಟಿ ಮತ್ತೆ ಅಲುಗಿತು. ಹೀಗೆ ಕೊನೆಯ ನಲ್ಲಿಯವರೆಗೂ ಕೇಳಿದ. ಆಮೇಲೆ ಎದ್ದು ಹೊರಗೆ ಹೋಗಿ ಮೊದಲ ನಲ್ಲಿ ತಿರುಗಿಸಿ, ಅಮ್ಮನ ಸೋಪಿನಲ್ಲಿ ಕೈ ತೊಳೆಯತೊಡಗಿದ.

"ಅಯ್ಯೋ, ಇರೋ ಒಂದು ಕಿವೀನೂ ಹೋಗುತ್ತೆ ಕಣೋ!" ಎಂದು ಅಕ್ಕ ಓಡಿ ಬಂದಳು.

"ಹೋಗ್ಲಿ ಬಿಡಕ್ಕಾ." ಅವನು ಅಳುತ್ತಿದ್ದ, ಆದರೆ ಮುಖ ಗಂಟಿಕ್ಕಿರಲಿಲ್ಲ. "ಅಮ್ಮಂಗೆ ಕೊನೇ ಸ್ನಾನ ನೀನು ಮಾಡಿಸ್ದೆ. ನನ್ನ ಪಾಲಿನದೂ ನೀನೇ ಮಾಡ್ದೆ. ಒಂದು ದಿನವಾದ್ರೂ ನಿನಗೆ ಅದನ್ನ ಹೇಳಿದ್ನಾ ನಾನು? ಇವತ್ತು ಹೇಳ್ತಿದೀನಿ. ನೀನಿರ್ಲಿಲ್ಲ ಅಂದಿದ್ರೆ ಅವಳಿಗೆ ಯಾರೂ ಇರ್ಲಿಲ್ಲ. ನನಗೂ ಇರ್ಲಿಲ್ಲ."

ಅಕ್ಕನಿಗೆ ಏನಾದರೂ ಬೈದು ಮಾತು ತಿರುಗಿಸಬೇಕೆನಿಸಿತು, ಬೈಗುಳ ನೆನಪಿಗೆ ಬರಲಿಲ್ಲ. ಅವಳೂ ಆ ನೀರಿಗೆ ಕೈ ಒಡ್ಡಿದಳು. ತಮ್ಮ ಅವಳ ಬೆರಳಿಗೆ ಸೋಪು ಹಚ್ಚಿ ಉಜ್ಜಿದ, ಚಿಕ್ಕಂದಿನಲ್ಲಿ ಅವಳು ಅವನಿಗೆ ಮಾಡುತ್ತಿದ್ದಂತೆ. ವಾರ್ಡರ್ ಗಡಿಯಾರ ನೋಡಿಕೊಳ್ಳದೆ ಅತ್ತ ತಿರುಗಿ ನಿಂತರು.

"ನಾನು ಕೇಕ್ ಮಾಡಿದವನಲ್ವಾ" ಎಂದ ಕೈ ಒರೆಸಿಕೊಳ್ಳುತ್ತ. "ನಾನು ಬಿಡಿಸಿದ ಹೂ ಒಂದು ಸಂಜೆ ಆಚೆಗೆ ಉಳಿದಿಲ್ಲ. ಯಾರೂ ತಿನ್ನದೆ ಉಳಿದ್ರೆ ಅವತ್ತು ಬೇಜಾರು. ಹಂಗಾಗಿ ನನಗೇನೂ ಅನ್ನಿಸ್ತಿಲ್ಲ. ಆದ್ರೆ ಡ್ರೈವರ್ ಇದಾನೆ, ಉದ್ದಣ್ಣ ಇದಾನೆ. ಅವರು ಹೆಂಗೆ ತಗೋತಾರೋ ಗೊತ್ತಿಲ್ಲಕ್ಕಾ. ನಾನು ಸುಳ್ಳಂತೂ ಹೇಳಲ್ಲ."

ಜೀಪು ಹೊರಟಿತು. ಅಲ್ಲಿಂದ ಮುಂದಿನ ಭೇಟಿಯ ದಿನದವರೆಗೆ ಅಕ್ಕನಿಗೆ ಅನ್ನ ರುಚಿಸಲಿಲ್ಲ. ಒಂದು ಮಗುವಿನ ಅಂಗಿಗೆ ಎರಡೂ ಎಡಗಡೆಯ ತೋಳೇ ಹೊಲಿದಿಟ್ಟಳು. ಒಳಗೆ ಬಡಿದಾಟವಾಗಿದ್ದರೆ? ಸೋಪು ಬಿಟ್ಟುಕೊಟ್ಟು ತಿಂಗಳಿಡೀ ತುರಿಸಿಕೊಂಡವರು ತಮ್ಮನ ಮೇಲೆ ಬಿದ್ದಿದ್ದರೆ? ಗಂಡ ಸಮಾಧಾನ ಮಾಡಲು ಬಂದರೆ ಅವನ ಮೇಲೆ ಹರಿಹಾಯ್ದಳು, ಆಮೇಲೆ ತಾನೇ ಹೋಗಿ ಮಾತಾಡಿಸಿದಳು.

ಭೇಟಿಯ ದಿನ ಜಾಲರಿಯ ಆಚೆ ತಮ್ಮ ಬಂದು ಕೂತ. ಮುಖದ ಮೇಲೆ ಗಾಯವೇನೂ ಇರಲಿಲ್ಲ. ಅಷ್ಟರಮಟ್ಟಿಗೆ ಅಕ್ಕನಿಗೆ ಉಸಿರು ಬಂತು.

"ಒಳಗೆ ದೊಡ್ಡ ಗಲಾಟೆ ಅಕ್ಕಾ."

"ನಾನು ಅಂದ್ಕೊಂಡೇ ಇದ್ದೆ. ಡ್ರೈವರ್ ಏನಂದ?"

"ಡ್ರೈವರ್ ಗಲಾಟೆ ಅಲ್ಲ. ಅವನು ಅವತ್ತಿನಿಂದ ಎದೆ ಉಬ್ಬಿಸ್ಕೊಂಡು ಓಡಾಡ್ತಿದಾನೆ. ನಮ್ಮಮ್ಮ ಮೂಟೆ ಹೊರೋವ್ನ ಕೈ ತೊಳೆಸಿದ್ಳು, ಅವನನ್ನ ನಗಿಸಿ ಕಳಿಸಿದ್ಳು ಅಂತ ಸಿಕ್ಕಿದವರಿಗೆಲ್ಲ ಹೇಳ್ತಾನೆ. ಉದ್ದಣ್ಣ ಅವತ್ತು ಮೊದಲ್ನೇ ಸಲ ಅತ್ತ, ಆಮೇಲೆ ಚೆನ್ನಾಗಿ ನಿದ್ದೆ ಮಾಡ್ದ. ಗಲಾಟೆ ಮಾಡ್ತಿರೋದು ಬೆಂಚಿನ ಮೇಲೆ ಕೂತಿದ್ರಲ್ಲ, ಆ ಅಮ್ಮಂದಿರ ಮಕ್ಕಳು."

"ಅವರಿಗೇನಾಯ್ತು? ಅವರದೇನೂ ಸವೆದಿಲ್ಲವಲ್ಲೋ!"

"ಅದೇ ಅವರ ತಕರಾರು. ಮೇಷ್ಟ್ರು ನನ್ನ ಕುತ್ತಿಗೆಪಟ್ಟಿ ಹಿಡ್ಕೊಂಡ್ರು. 'ನಮ್ಮಮ್ಮ ಹುಟ್ಟಿದಾಗಿಂದ ಒಂದು ಗಳಿಗೆ ಸುಮ್ಮನೆ ಕೂತವಳಲ್ಲ. ಅವಳನ್ನ ಗೊಂಬೆ ತರ ಕೂರಿಸಿ ಬಂದಿದೀಯಾ? ಬೇರೆಯವರ ಅಮ್ಮಂದಿರು ಅಷ್ಟು ಜನರ ಕೈ ತೊಳೆಸುವಾಗ ನಮ್ಮಮ್ಮ ನೋಡ್ಕೊಂಡು ಕೂತಿದ್ಳಾ? ಅವಳಿಗೂ ಕೆಲಸ ಕೊಡು' ಅಂತಾರೆ. ಎಲ್ರೂ ಅದನ್ನೇ ಅಂತಿದಾರೆ ಅಕ್ಕಾ. ನಾಳೆಯಿಂದಲೇ ಇಡಬೇಕಂತೆ. ಯಾರು ಕೈ ತೊಳ್ಕೊಂಡ್ರು ಅಂತ ಅಜ್ಜೀನ ಕೇಳಿ ಪ್ರತಿ ಸಲ ಬಂದು ಹೇಳಬೇಕಂತೆ ನೀನು."

ಅಕ್ಕ ಅಲ್ಲೇ, ಅಷ್ಟು ಜನರ ನಡುವೆ, ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ನಿಂತಿದ್ದ ವಾರ್ಡರಿಗೆ, "ಸಾರ್, ನೀವು ಮುಖಕ್ಕೆ ಚುಚ್ಚಲಿಲ್ಲವಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ" ಎಂದಳು. ಇಷ್ಟು ವರ್ಷ ಬಸ್ಸಿನಲ್ಲಿ ಕೂತು ಹೇಳಿದ್ದನ್ನು ಎದುರಿಗೆ ಹೇಳಿದ್ದು ಅದೇ ಮೊದಲು. ಆ ಮನುಷ್ಯ ನಾಚಿಕೊಂಡು ಕೀಲಿಗೊಂಚಲು ನೋಡತೊಡಗಿದರು.

ಅಂದಿನಿಂದ ಬೆಂಚಿನ ಮೇಲಿನವರು ಒಬ್ಬೊಬ್ಬರೇ ಎದ್ದು ನಲ್ಲಿಗೆ ಬಂದರು. ಒಬ್ಬ ಅಮ್ಮ ಪೂರ್ತಿ ಕರಗಿದ ಮೇಲೆ ಇನ್ನೊಬ್ಬ ಅಮ್ಮ. ನೀರಜ್ಜಿ ಈಗ ಪ್ರತಿಯೊಂದನ್ನೂ ಮುಟ್ಟಿ ಮೂಗು, ಗಲ್ಲ ಎಲ್ಲ ತಿಳಿದುಕೊಂಡು, "ಬಾ ತಾಯಿ" ಎಂದು ಮಾತಾಡಿಸಿಯೇ ಇಡುತ್ತಿದ್ದಳು. ಯಾರು ಬಂದರು, ಕೈಗೆ ಏನು ಮೆತ್ತಿತ್ತು ಎಂದು ಕೇಳಿಟ್ಟುಕೊಂಡು ಅಕ್ಕನಿಗೆ ಒಪ್ಪಿಸುತ್ತಿದ್ದಳು. ಅಕ್ಕ ಅದನ್ನು ಜಾಲರಿಯ ಮುಂದೆ ಒಪ್ಪಿಸುತ್ತಿದ್ದಳು. ನೋಡಲೆಂದು ಬಂದವರಿಗೆ ಹಿರಿಯರು ಬೆಂಚಿನ ಕಡೆ ಕೈ ತೋರಿಸದೆ ತೊಟ್ಟಿಯ ಕಡೆ ತೋರಿಸಿ, "ಪ್ರದರ್ಶನ ಅಲ್ಲಿದೆ, ಕೈ ತೊಳ್ಕೊಂಡು ಬನ್ನಿ" ಎನ್ನುತ್ತಿದ್ದರು.

ಬೆಂಚಿನ ಮೇಲೆ ಕೊನೆಗೆ ಉಳಿದದ್ದು ಜೈಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನ ಅಮ್ಮ. ಅದು ಅವನೇ ಹೇಳಿ ಕಳಿಸಿದ್ದು. ಎಲ್ಲರೂ ಉಂಡ ಮೇಲೆ, ಏನಾದರೂ ಉಳಿದಿದ್ದರೆ ಉಣ್ಣುತ್ತಿದ್ದವಳಂತೆ ಆಕೆ. ಮೊದಲು ಇಟ್ಟರೆ ಸಂಕೋಚಪಡುತ್ತಾಳೆ, ಕೊನೆಗೇ ಇಡಿ ಎಂದಿದ್ದ. ಆ ಬೆಳಿಗ್ಗೆ ಅಕ್ಕ ಖಾಲಿ ಬೆಂಚಿನ ನೀಲಿ ಬಟ್ಟೆ ಮಡಚಿ, ಆ ಸಣ್ಣ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದಳು. ತೊಟ್ಟಿಯ ಮುಂದೆ ಸಾಲು ಆಗಲೇ ಬೆಳೆದಿತ್ತು.

"ಸ್ವಲ್ಪ ನಿಂತ್ಕೊಳ್ಳಿ" ಎಂದಳು ಅಕ್ಕ ಎಲ್ಲರಿಗೂ. "ಇವರು ಇವತ್ತು ಯಾರಿಗೂ ಕಾಯೋದು ಬೇಡ."